ಏತದ ನೀರು ಮತ್ತು ಮಸಾರಿ ಮಣ್ಣು: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಲ್ಲಿ ನೀರಾವರಿ ಯೋಗ್ಯತೆಯ ಪರಾಮರ್ಶೆ



ದಾವಣಗೆರೆ ಜಿಲ್ಲೆಯ ನೀರಾವರಿ ನಕ್ಷೆ ನಮ್ಮ ಕಣ್ಣೆದುರೇ ಬದಲಾಗುತ್ತಿದೆ. ಲಕ್ಕವಳ್ಳಿಯ ಭದ್ರಾ ಜಲಾಶಯದ ನಾಲೆಗಳು ಕಳೆದ ಶತಮಾನದ ಮಧ್ಯಭಾಗದಲ್ಲಿ ನೀರುಣಿಸಿದ್ದು ಬಹುಪಾಲು ತಗ್ಗಿನ, ಆಳವಾದ, ಜೇಡಿ ಅಂಶವುಳ್ಳ ಭೂಮಿಗೆ. ಇಂದಿನ ಯೋಜನೆಗಳಲ್ಲಿ ನೀರು ಸಾಗುತ್ತಿರುವ ದಿಕ್ಕು ಬೇರೆ. ಹರಿಹರ ತಾಲ್ಲೂಕಿನ ದೀಟೂರು ಬಳಿ ತುಂಗಭದ್ರೆಯಿಂದ ನೀರೆತ್ತಿ ಜಗಳೂರು ಭಾಗದ 57 ಕೆರೆಗಳನ್ನು ತುಂಬಿಸುವ ಯೋಜನೆ, ಹೊನ್ನಾಳಿ ಮತ್ತು ಚನ್ನಗಿರಿ ಭಾಗದ ಕೆರೆಗಳಿಗಾಗಿ ರೂಪಿಸಿದ ಸಾಸ್ವೆಹಳ್ಳಿ ಏತ ನೀರಾವರಿ, ಉಬ್ರಾಣಿ–ಅಮೃತಾಪುರ ಏತ ನೀರಾವರಿ, ಇವೆಲ್ಲಕ್ಕಿಂತ ದೊಡ್ಡದಾದ ಭದ್ರಾ ಮೇಲ್ದಂಡೆ ಯೋಜನೆ: ಇವೆಲ್ಲವೂ ನೀರನ್ನು ಎತ್ತರದ, ಇಳಿಜಾರಿನ, ಮರಳು ಮತ್ತು ಗರಸು ಬೆರೆತ ಕೆಂಪು ಮಸಾರಿ ಭೂಮಿಯತ್ತ ಒಯ್ಯುತ್ತಿವೆ.

ನೀರಿಗಾಗಿ ದಶಕಗಳಿಂದ ಕಾದ ಜನರಿಗೆ ಇದು ನ್ಯಾಯವಾಗಿ ದಕ್ಕಬೇಕಾದ ಪಾಲು. ಈ ಬಗ್ಗೆ ಎರಡು ಮಾತಿಲ್ಲ. ಆದರೆ ಕೃಷಿ ವಿಜ್ಞಾನದ ದೃಷ್ಟಿಯಿಂದ ಕೇಳಲೇಬೇಕಾದ ಪ್ರಶ್ನೆಯೊಂದಿದೆ. ನೀರು ಬಂದ ಮಾತ್ರಕ್ಕೆ ಜಮೀನು ನೀರಾವರಿಗೆ ಯೋಗ್ಯವಾಗುವುದೇ? ಯೋಗ್ಯವಾಗುವುದಾದರೆ ಯಾವ ಬೆಳೆಗೆ, ಯಾವ ಪದ್ಧತಿಗೆ? ಈ ಪ್ರಶ್ನೆಗೆ ಉತ್ತರ ಕಾಲುವೆಯಲ್ಲಿ ಸಿಗುವುದಿಲ್ಲ. ನಿಮ್ಮ ಹೊಲದಲ್ಲಿ ಮೂರು ಅಡಿ ಆಳದ ಗುಂಡಿ ತೆಗೆದಾಗ ಸಿಗುತ್ತದೆ. ಅಡಿಕೆ ಸಸಿಗೆ ಮುಂಗಡ ಕೊಡುವ ಮುನ್ನ, ಹೊಲವನ್ನು ಗದ್ದೆಯಾಗಿ ಮಟ್ಟ ಮಾಡಿಸುವ ಮುನ್ನ, ಸಾಲ ಮಾಡಿ ಕೊಳವೆ ಮಾರ್ಗ ಎಳೆಸುವ ಮುನ್ನ ಈ ಪರೀಕ್ಷೆ ನಡೆಯಬೇಕೆಂಬುದೇ ಈ ಬರಹದ ಆಶಯ.

ನೀರಿನ ಲೆಕ್ಕ ಏನು ಹೇಳುತ್ತದೆ?

ಭದ್ರಾ ಮೇಲ್ದಂಡೆ ಯೋಜನೆಗೆ ಹಂಚಿಕೆಯಾದ ನೀರು 29.9 ಟಿಎಂಸಿ. ಇದರಲ್ಲಿ 17.4 ಟಿಎಂಸಿಯನ್ನು ತುಂಗಾ ನದಿಯಿಂದ ಎತ್ತಿ ಭದ್ರೆಗೆ ಸೇರಿಸಿ, ಭದ್ರೆಯ ಪಾಲಿನ 12.5 ಟಿಎಂಸಿಯೊಂದಿಗೆ ಚಿಕ್ಕಮಗಳೂರು, ಚಿತ್ರದುರ್ಗ, ದಾವಣಗೆರೆ ಮತ್ತು ತುಮಕೂರು ಜಿಲ್ಲೆಗಳಿಗೆ ಒದಗಿಸಬೇಕು. ಉದ್ದೇಶಿತ ಅಚ್ಚುಕಟ್ಟು 2,25,515 ಹೆಕ್ಟೇರ್, ಅದೂ ಸೂಕ್ಷ್ಮ ನೀರಾವರಿ ಪದ್ಧತಿಯಲ್ಲಿ. ಜೊತೆಗೆ 367 ಕೆರೆಗಳಿಗೆ ನೀರು. 2023–24ರ ಕೇಂದ್ರ ಆಯವ್ಯಯದಲ್ಲಿ ಈ ಯೋಜನೆಗೆ 5,300 ಕೋಟಿ ರೂಪಾಯಿ ಘೋಷಣೆಯಾದದ್ದು, ಬಳಿಕ ಆ ಹಣದ ಬಿಡುಗಡೆ ಕುರಿತು ರಾಜ್ಯ ಮತ್ತು ಕೇಂದ್ರಗಳ ನಡುವೆ ನಡೆದ ಚರ್ಚೆ ತಮಗೆಲ್ಲ ತಿಳಿದಿದೆ. ಹಣದ ಚರ್ಚೆಗೆ ಸಿಕ್ಕಷ್ಟು ಗಮನ ಇನ್ನೊಂದು ಸರಳ ಲೆಕ್ಕಕ್ಕೆ ಸಿಕ್ಕಿಲ್ಲ.

ಒಂದು ಟಿಎಂಸಿ ಎಂದರೆ ಸುಮಾರು 2.83 ಕೋಟಿ ಘನ ಮೀಟರ್. 29.9 ಟಿಎಂಸಿಯನ್ನು ಒಂದು ಹನಿಯೂ ಸೋರದೆ, ಆವಿಯಾಗದೆ, ಕೆರೆಗಳಿಗೂ ಕೊಡದೆ ಇಡೀ ಅಚ್ಚುಕಟ್ಟಿಗೆ ಸಮನಾಗಿ ಹಂಚಿದರೂ ಹೆಕ್ಟೇರಿಗೆ ಸಿಗುವುದು ಸುಮಾರು 3,750 ಘನ ಮೀಟರ್, ಅಂದರೆ 375 ಮಿ.ಮೀ. ನೀರು. ಎಕರೆಗೆ ಲೆಕ್ಕ ಹಾಕಿದರೆ ವರ್ಷಕ್ಕೆ ಸುಮಾರು 15 ಲಕ್ಷ ಲೀಟರ್. ಕೆರೆಗಳ ಪಾಲು, ಕಾಲುವೆಯ ಸೋರಿಕೆ ಮತ್ತು ಆವಿಯನ್ನು ಕಳೆದರೆ ಹೊಲಕ್ಕೆ ತಲುಪುವುದು ಇದಕ್ಕಿಂತ ಗಣನೀಯವಾಗಿ ಕಡಿಮೆ.

ಈಗ ಅಡಿಕೆಯ ಲೆಕ್ಕ ನೋಡೋಣ. ಒಂಬತ್ತು ಅಡಿ ಅಂತರದಲ್ಲಿ ಎಕರೆಗೆ ಸುಮಾರು 540 ಗಿಡಗಳು. ಹನಿ ನೀರಾವರಿಯಲ್ಲೂ ಫಲ ಕೊಡುವ ಮರಕ್ಕೆ ಬೇಸಿಗೆಯಲ್ಲಿ ದಿನಕ್ಕೆ ಸುಮಾರು 20 ಲೀಟರ್ ಬೇಕೆಂದಿಟ್ಟುಕೊಂಡರೆ, ಡಿಸೆಂಬರ್‌ನಿಂದ ಮೇ ವರೆಗಿನ 180 ದಿನಗಳಿಗೆ ಬೇಕಾಗುವುದು 19 ಲಕ್ಷ ಲೀಟರಿಗೂ ಹೆಚ್ಚು. ವರ್ಷದ ಇಡೀ ಪಾಲಿಗಿಂತ ಇದೇ ಅಧಿಕ. ಅದಕ್ಕಿಂತ ಮುಖ್ಯವಾಗಿ, ಯೋಜನೆಯ ನೀರೆತ್ತುವಿಕೆ ನದಿ ತುಂಬಿ ಹರಿಯುವ ಮುಂಗಾರಿನ ತಿಂಗಳುಗಳಿಗೆ ಹೊಂದಿಕೊಂಡಿದೆ. ಅಡಿಕೆ ನೀರು ಕೇಳುವುದು ನದಿ ಬತ್ತುವ ಏಪ್ರಿಲ್–ಮೇ ತಿಂಗಳುಗಳಲ್ಲಿ. ಭತ್ತದ ವಿಷಯದಲ್ಲಂತೂ ಅಂತರ ಇನ್ನೂ ಹೆಚ್ಚು: ನಿಂತ ನೀರಿನ ಭತ್ತಕ್ಕೆ 1,200 ಮಿ.ಮೀ.ಗಿಂತ ಹೆಚ್ಚು ನೀರು ಬೇಕು.

ಅದೇ 15 ಲಕ್ಷ ಲೀಟರನ್ನು ಇನ್ನೊಂದು ರೀತಿಯಲ್ಲಿ ನೋಡಿ. ಮಳೆಯಾಶ್ರಿತ ಶೇಂಗಾಕ್ಕೆ ಹೂವಾಡುವ ಹಾಗೂ ಕಾಯಿ ಕಟ್ಟುವ ಹಂತಗಳಲ್ಲಿ ಮಳೆ ಕೈಕೊಟ್ಟಾಗ ತಲಾ 40 ಮಿ.ಮೀ.ನಂತೆ ಮೂರು ಸಲ ರಕ್ಷಣಾತ್ಮಕ ನೀರು ಕೊಟ್ಟರೆ ಎಕರೆಗೆ ತಗಲುವುದು ಐದು ಲಕ್ಷ ಲೀಟರಿಗಿಂತ ಕಡಿಮೆ. ಒಂದು ಎಕರೆ ಅಡಿಕೆಗೂ ಸಾಲದ ನೀರು ಮೂರು ಎಕರೆ ಶೇಂಗಾವನ್ನು ಬರದಿಂದ ಪಾರುಮಾಡಬಲ್ಲದು.

2023ರ ಮುಂಗಾರಿನ ಕೊರತೆಯಲ್ಲಿ ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. ಆ ವರ್ಷ ಭದ್ರಾ ನಾಲೆಯ ನೀರು ನಿಲ್ಲಿಸುವ ತೀರ್ಮಾನದ ವಿರುದ್ಧ ದಾವಣಗೆರೆ ಭಾಗದ ರೈತರು ಬೀದಿಗಿಳಿದರು. 2024ರ ಬೇಸಿಗೆಯಲ್ಲಿ ಚನ್ನಗಿರಿ ಭಾಗದ ಅಡಿಕೆ ತೋಟಗಳಿಗೆ ಟ್ಯಾಂಕರಿನಲ್ಲಿ ನೀರು ಹರಿಸಿದ್ದನ್ನೂ ಕಂಡೆವು. 2025ರ ಜೂನ್‌ನಲ್ಲಿ ಭದ್ರಾ ಬಲದಂಡೆ ನಾಲೆಯಿಂದ ಬೇರೆ ತಾಲ್ಲೂಕುಗಳಿಗೆ ಕುಡಿಯುವ ನೀರು ಒಯ್ಯುವ ಕಾಮಗಾರಿ ಮತ್ತೆ ವಿವಾದವಾಯಿತು. ಹಳೆಯ ಅಚ್ಚುಕಟ್ಟಿನಲ್ಲೇ ನೀರಿಗೆ ಇಷ್ಟು ಒತ್ತಡವಿರುವಾಗ ಹೊಸ ಅಚ್ಚುಕಟ್ಟಿಗೆ ಬೇಕೆನಿಸಿದಾಗಲೆಲ್ಲ ನೀರು ಸಿಗುವುದೆಂಬ ನಂಬಿಕೆಯ ಮೇಲೆ ಬಹುವಾರ್ಷಿಕ ಬೆಳೆ ಕೂರಿಸುವುದು ಸಾಹಸವೇ ಸರಿ.

ಮರುಭೂಮಿಯ ಪಾಠ

ಮರಳು ಭೂಮಿಗೆ ದೊಡ್ಡ ಪ್ರಮಾಣದಲ್ಲಿ ನೀರು ತಂದ ಅನುಭವ ನಮ್ಮ ದೇಶಕ್ಕೆ ಹೊಸದಲ್ಲ. ಸಟ್ಲೆಜ್ ಮತ್ತು ಬಿಯಾಸ್ ನದಿಗಳ ಸಂಗಮದ ಬಳಿಯ ಹರಿಕೆ ಅಣೆಕಟ್ಟೆಯಿಂದ ರಾಜಸ್ಥಾನದ ಥಾರ್ ಮರುಭೂಮಿಗೆ ನೀರೊಯ್ಯುವ ಕಾಲುವೆಯ ಕೆಲಸ 1958ರಲ್ಲಿ ಆರಂಭವಾಯಿತು. ಇಂದು ಅದು ಇಂದಿರಾ ಗಾಂಧಿ ಕಾಲುವೆ. ಮರಳುಗಾಡಿನಲ್ಲಿ ಗೋಧಿ, ಸಾಸಿವೆ, ಹತ್ತಿ ಬೆಳೆದು ಲಕ್ಷಾಂತರ ಕುಟುಂಬಗಳ ಬದುಕು ಬದಲಾದದ್ದು ನಿಜ. ಜೊತೆಗೆ ಇನ್ನೊಂದು ಸಂಗತಿಯೂ ನಡೆಯಿತು. ಕಾಲುವೆಯ ಮೊದಲ ಹಂತದ ಹನುಮಾನ್‌ಗಢ ಭಾಗದಲ್ಲಿ ಅಂತರ್ಜಲ ವೇಗವಾಗಿ ಮೇಲೇರಿ, ಒಂದು ಕಾಲದ ಒಣ ಮರಳುಗಾಡಿನ ಸಾವಿರಾರು ಹೆಕ್ಟೇರ್ ಜೌಗಾಯಿತು, ಚೌಳಾಯಿತು.

ಮರಳಿನಲ್ಲಿ ಜೌಗು ಹೇಗೆ ಸಾಧ್ಯ ಎಂದು ಯಾರಿಗಾದರೂ ಅಚ್ಚರಿಯಾಗಬಹುದು. ಮರಳು ನೀರನ್ನು ತಡೆಯದೆ ಕೆಳಗೆ ಬಿಟ್ಟಿತು. ಆದರೆ ಅನೇಕ ಕಡೆ ಕೆಲವೇ ಮೀಟರ್ ಕೆಳಗೆ ನೀರು ಇಳಿಯಲಾಗದ ಗಟ್ಟಿ ಪದರವಿತ್ತು. ಬೆಳೆಗೆ ಬೇಕಾದುದಕ್ಕಿಂತ ಹೆಚ್ಚು ಹಾಯಿಸಿದ ನೀರು, ಕಾಲುವೆಯಿಂದ ಸೋರಿದ ನೀರು ಎರಡೂ ಆ ಪದರದ ಮೇಲೆ ನಿಂತು, ಅಲ್ಲಿನ ಲವಣವನ್ನು ಕರಗಿಸಿಕೊಂಡು ಮೇಲೆ ಬಂದವು. ಮೇಲ್ಮಣ್ಣನ್ನು ಮಾತ್ರ ನೋಡಿ ‘ಇಲ್ಲಿ ನೀರು ಚೆನ್ನಾಗಿ ಬಸಿಯುತ್ತದೆ’ ಎಂದುಕೊಳ್ಳುವುದು ಎಷ್ಟು ಅಪಾಯಕಾರಿ ಎಂಬುದು ಇಲ್ಲಿನ ಮೊದಲ ಪಾಠ.

ಎರಡನೆಯ ಪಾಠ ಇಸ್ರೇಲಿನ ನೆಗೆವ್ ಮರುಭೂಮಿಯದು. ಅಲ್ಲಿನ ಹತ್ಸೆರಿಮ್ ಎಂಬ ಸಹಕಾರಿ ಕೃಷಿ ಗ್ರಾಮದಲ್ಲಿ 1965ರಲ್ಲಿ ಹನಿ ನೀರಾವರಿ ಉಪಕರಣಗಳ ಉದ್ಯಮ ಆರಂಭವಾಯಿತು. ನೀರು ಹಿಡಿದಿಟ್ಟುಕೊಳ್ಳದ ಮಣ್ಣಿಗೆ ಒಮ್ಮೆಲೇ ಬಹಳ ನೀರು ಕೊಡುವ ಬದಲು, ಬೇರು ಕುಡಿಯುವಷ್ಟನ್ನು ಮಾತ್ರ, ಮೇಲಿಂದ ಮೇಲೆ ಕೊಡುವುದೇ ಅದರ ಹಿಂದಿನ ತತ್ವ. ಮರಳು ಮಣ್ಣು ನೀರಾವರಿಗೆ ಅಯೋಗ್ಯವಲ್ಲ. ಹಾಯಿ ನೀರಾವರಿಗೆ ಅಯೋಗ್ಯ.

ಜಗಳೂರಿನ ಮಸಾರಿ ಥಾರ್‌ನ ಮರಳಲ್ಲ ಎಂಬುದನ್ನೂ ಹೇಳಬೇಕು. ಗಾಳಿ ಹೊತ್ತು ತಂದ ಮರಳಿನ ದಿಬ್ಬಗಳು ನಮ್ಮಲ್ಲಿಲ್ಲ. ನಮ್ಮದು ಬಹುಮಟ್ಟಿಗೆ ಗ್ರಾನೈಟ್ ಮತ್ತು ನೈಸ್ ಶಿಲೆಗಳು ಸವೆದು ಇದ್ದಲ್ಲೇ ಉಂಟಾದ ಮಣ್ಣು. ಮೇಲೆ ಮರಳು ಮಿಶ್ರಿತ ಗೋಡು, ಅದರ ಕೆಳಗೆ ಅನೇಕ ಕಡೆ ಜೇಡಿ ಹೆಚ್ಚಿರುವ ಕೆಂಪು ಪದರ, ಅದರ ಕೆಳಗೆ ಕೊಳೆತ ಶಿಲೆ. ಕೊಚ್ಚಣೆಗೆ ಸಿಕ್ಕ ದಿಬ್ಬಗಳಲ್ಲಿ ಮೇಲಿನ ಪದರವೇ ಉಳಿದಿಲ್ಲ. ಗರಸು ಮಾತ್ರ ಕಾಣುತ್ತದೆ. ಮಳೆ ಬಿದ್ದು ಒಣಗಿದ ಮೇಲೆ ಈ ಮಣ್ಣಿನ ಮೇಲ್ಮೈ ಹೆಪ್ಪುಗಟ್ಟುವುದನ್ನು, ಮೊಳಕೆ ಮೇಲೇಳಲು ತಿಣುಕುವುದನ್ನು ನೀವೆಲ್ಲ ಕಂಡಿದ್ದೀರಿ. ಹೀಗಾಗಿ ಮರುಭೂಮಿಯ ಎರಡೂ ಪಾಠಗಳು ನಮಗೆ ಅನ್ವಯಿಸುತ್ತವೆ, ಆದರೆ ನಮ್ಮ ಮಣ್ಣಿನ ಪದರಗಳನ್ನು ನಾವೇ ನೋಡಿ ಅನ್ವಯಿಸಿಕೊಳ್ಳಬೇಕು.

ಮಣ್ಣೆಂಬ ತೊಟ್ಟಿ: ಆಳವೇ ನಿರ್ಣಾಯಕ

ಮಣ್ಣನ್ನು ನೀರು ತುಂಬುವ ತೊಟ್ಟಿಯೆಂದು ಭಾವಿಸಿ. ಒಂದು ಮೀಟರ್ ಆಳದ ಮರಳು ಮಿಶ್ರಿತ ಗೋಡು ಮಣ್ಣು ಬೆಳೆಗೆ ದೊರೆಯುವ ರೂಪದಲ್ಲಿ ಸುಮಾರು 100 ಮಿ.ಮೀ. ನೀರನ್ನು ಹಿಡಿದಿಡುತ್ತದೆ, ಬರಿಯ ಮರಳಾದರೆ 50ರಿಂದ 80 ಮಿ.ಮೀ.; ಆಳವಾದ ಎರೆ ಮಣ್ಣಾದರೆ 160ರಿಂದ 200 ಮಿ.ಮೀ. ಇದರಲ್ಲಿ ಅರ್ಧದಷ್ಟು ಖಾಲಿಯಾಗುವುದರೊಳಗೆ ಮತ್ತೆ ನೀರು ಕೊಡಬೇಕು. ಇಲ್ಲದಿದ್ದರೆ ಇಳುವರಿ ಕುಗ್ಗುತ್ತದೆ.

ಈಗ ಎರಡು ಹೊಲಗಳನ್ನು ಹೋಲಿಸೋಣ. ಒಂದು ಹೊಲದಲ್ಲಿ ಮಣ್ಣಿನ ಆಳ 50 ಸೆಂ.ಮೀ., ಅದರ ಕಾಲು ಭಾಗ ಗರಸು. ಗರಸು ನೀರು ಹಿಡಿಯುವುದಿಲ್ಲ. ಆದ್ದರಿಂದ ತೊಟ್ಟಿಯ ಸಾಮರ್ಥ್ಯ ಸುಮಾರು 37 ಮಿ.ಮೀ.; ಬಳಸಬಹುದಾದದ್ದು ಅದರರ್ಧ, 19 ಮಿ.ಮೀ.ಗಿಂತಲೂ ಕಡಿಮೆ. ದಿನಕ್ಕೆ 5 ಮಿ.ಮೀ. ನೀರು ಬಳಸುವ ಬೆಳೆಗೆ ಇದು ನಾಲ್ಕು ದಿನವೂ ಬಾರದು. ಇನ್ನೊಂದು ಹೊಲದಲ್ಲಿ ಒಂದು ಮೀಟರ್ ಆಳದ ಎರೆ. ಅಲ್ಲಿ ಬಳಸಬಹುದಾದ ನೀರು ಸುಮಾರು 90 ಮಿ.ಮೀ.; ಅದೇ ಬೆಳೆಗೆ 18 ದಿನ ಸಾಕು.

ನಾಲೆಯ ಸರದಿ ಹತ್ತು–ಹದಿನೈದು ದಿನಕ್ಕೊಮ್ಮೆ ಬಂದರೆ ಎರೆ ಹೊಲದ ರೈತನಿಗೆ ತೊಂದರೆಯಿಲ್ಲ. ಗರಸು ಹೊಲದ ರೈತನ ಬೆಳೆ ಪ್ರತಿ ಸರದಿಯ ಮಧ್ಯೆ ಒಂದು ವಾರ ಬಾಡುತ್ತದೆ. ಆತಂಕದಿಂದ ಅವನು ಸರದಿ ಬಂದಾಗ 60 ಮಿ.ಮೀ. ನೀರು ಹಾಯಿಸಿದರೆ 19 ಮಾತ್ರ ಮಣ್ಣಿನಲ್ಲಿ ನಿಂತು, ಉಳಿದ 41 ಮಿ.ಮೀ. ಬೇರಿನ ವಲಯ ದಾಟಿ ಹೋಗುತ್ತದೆ. ಎಕರೆಗೆ ಅದು 1.6 ಲಕ್ಷ ಲೀಟರಿಗೂ ಹೆಚ್ಚು. ಹೋಗುವಾಗ ನೀವು ಹಾಕಿದ ಯೂರಿಯಾದ ನೈಟ್ರೇಟನ್ನೂ ಕೊಂಡೊಯ್ಯುತ್ತದೆ. ಹಣ ತೆತ್ತ ಗೊಬ್ಬರ ಹೀಗೆ ತಗ್ಗಿನ ಹೊಲದ ಬಸಿನೀರಾಗಿ, ಊರಿನ ಕುಡಿಯುವ ನೀರಿನ ಕಲ್ಮಷವಾಗಿ ಪರಿಣಮಿಸುತ್ತದೆ.

ನಿಮ್ಮ ಜಮೀನನ್ನು ನೀವೇ ಅಳೆಯುವ ಕ್ರಮ

1. ಗುಂಡಿ ಪರೀಕ್ಷೆ: ಜಮೀನಿನ ಎತ್ತರ, ನಡು ಮತ್ತು ತಗ್ಗಿನ ಭಾಗಗಳಲ್ಲಿ ಒಂದೊಂದು ಗುಂಡಿಯನ್ನು ಮೂರರಿಂದ ನಾಲ್ಕು ಅಡಿ ಆಳಕ್ಕೆ ತೆಗೆಯಿರಿ. ಗಟ್ಟಿ ಶಿಲೆ ಅಥವಾ ಬೇರಿಳಿಯದ ಪದರ ಎಲ್ಲಿ ಸಿಗುತ್ತದೆ ಎಂಬುದನ್ನು ಅಳೆದು ಬರೆದಿಡಿ. ಗುಂಡಿಯ ಬದಿಯಲ್ಲಿ ಬೂದು ಅಥವಾ ತುಕ್ಕಿನ ಬಣ್ಣದ ಮಚ್ಚೆಗಳಿದ್ದರೆ ಅಲ್ಲಿ ಮಳೆಗಾಲದಲ್ಲಿ ನೀರು ನಿಲ್ಲುತ್ತದೆ ಎಂದರ್ಥ.

2. ಗರಸಿನ ಪ್ರಮಾಣ: ಗುಂಡಿಯ ಒಂದು ಬುಟ್ಟಿ ಮಣ್ಣನ್ನು ಒಣಗಿಸಿ, ಹೆಂಟೆ ಪುಡಿಮಾಡಿ, 2 ಮಿ.ಮೀ. ಜರಡಿಯಲ್ಲಿ ಹಿಡಿಯಿರಿ. ಜರಡಿಯ ಮೇಲೆ ಉಳಿದ ಕಲ್ಲು–ಗರಸು ಶೇ. 15ಕ್ಕಿಂತ ಕಡಿಮೆಯಾದರೆ ಚಿಂತೆಯಿಲ್ಲ. 15ರಿಂದ 35 ಇದ್ದರೆ ತೊಟ್ಟಿಯ ಲೆಕ್ಕದಲ್ಲಿ ಕಳೆಯಬೇಕು. 35 ಮೀರಿದರೆ ಹಾಯಿ ನೀರಿನ ಆಸೆ ಬಿಡುವುದು ಲೇಸು.

3. ಕೈಯಲ್ಲಿ ಕಣವಿನ್ಯಾಸ: ಒದ್ದೆ ಮಾಡಿದ ಮಣ್ಣನ್ನು ಉಂಡೆ ಮಾಡಿ, ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಒತ್ತಿ ಪಟ್ಟಿಯಂತೆ ಎಳೆಯಿರಿ. ಉಂಡೆಯೇ ನಿಲ್ಲದಿದ್ದರೆ ಮರಳು. ಉಂಡೆಯಾಗಿಯೂ ಪಟ್ಟಿ ಬಾರದಿದ್ದರೆ ಮರಳು ಗೋಡು. ಉದ್ದನೆಯ ಪಟ್ಟಿ ಬಂದರೆ ಜೇಡಿ. ಮೇಲ್ಪದರ ಮತ್ತು ಕೆಳಪದರ ಎರಡಕ್ಕೂ ಬೇರೆ ಬೇರೆಯಾಗಿ ಮಾಡಿ.

4. ಇಂಗುವ ವೇಗ: ತಳವಿಲ್ಲದ, ಒಂದು ಅಡಿ ಅಗಲದ ತಗಡಿನ ಉರುಳೆಯನ್ನು ನೆಲದೊಳಕ್ಕೆ ಅರ್ಧ ಅಡಿ ಬಡಿದು, ಒಂದೆರಡು ಗಂಟೆ ನೀರುಣಿಸಿ ನೆಲ ತೋಯಿಸಿ. ಬಳಿಕ 10 ಸೆಂ.ಮೀ. ನೀರು ನಿಲ್ಲಿಸಿ ಗಂಟೆಗೆ ಎಷ್ಟು ಇಳಿಯುತ್ತದೆಂದು ಅಳತೆಪಟ್ಟಿಯಿಂದ ನೋಡಿ. ಗಂಟೆಗೆ 3 ಸೆಂ.ಮೀ.ಗಿಂತ ಹೆಚ್ಚು ಇಳಿದರೆ ಸಾಲು ನೀರಾವರಿಯಲ್ಲಿ ಸಾಲಿನ ತಲೆಯಲ್ಲೇ ನೀರು ಇಂಗಿ ತುದಿಗೆ ತಲುಪುವುದಿಲ್ಲ. ಅರ್ಧ ಸೆಂ.ಮೀ.ಗಿಂತ ಕಡಿಮೆಯಾದರೆ ಬಸಿಗಾಲುವೆಯಿಲ್ಲದೆ ಬಹುವಾರ್ಷಿಕ ಬೆಳೆ ಹಾಕಬೇಡಿ.

5. ನೀರಿನ ಪರೀಕ್ಷೆ: ನಾಲೆಯ ನೀರು ಸಾಮಾನ್ಯವಾಗಿ ಒಳ್ಳೆಯದು. ಆದರೆ ನಾಲೆಯ ಸರದಿಯ ನಡುವೆ ಕೊಳವೆಬಾವಿ ನೀರನ್ನೂ ಬಳಸುವವರು ಅದನ್ನು ಪ್ರಯೋಗಾಲಯಕ್ಕೆ ಕೊಡಬೇಕು. ಉಳಿಕೆ ಸೋಡಿಯಂ ಕಾರ್ಬೋನೇಟ್ ಲೀಟರಿಗೆ 1.25 ಮಿಲಿ ತುಲ್ಯಾಂಕದೊಳಗಿದ್ದರೆ ಸುರಕ್ಷಿತ, 2.5 ಮೀರಿದರೆ ನೀರಾವರಿಗೆ ಬಳಸಬಾರದು.

ಈ ಪರೀಕ್ಷೆಗಳ ಫಲವನ್ನು ಹೀಗೆ ಅರ್ಥೈಸಿಕೊಳ್ಳಬಹುದು. ಒಂದು ಮೀಟರಿಗಿಂತ ಹೆಚ್ಚು ಆಳ, ಕಡಿಮೆ ಗರಸು, ಒಳ್ಳೆಯ ಬಸಿಯುವಿಕೆ ಇದ್ದರೆ ತೋಟಗಾರಿಕೆ ಬೆಳೆಗಳೂ ಸೇರಿದಂತೆ ಬಹುತೇಕ ಬೆಳೆಗಳಿಗೆ ಯೋಗ್ಯ. 75ರಿಂದ 100 ಸೆಂ.ಮೀ. ಆಳಕ್ಕೆ ಹನಿ ನೀರಾವರಿಯಲ್ಲಿ ಮೆಕ್ಕೆಜೋಳ, ಹತ್ತಿ, ಮೆಣಸಿನಕಾಯಿ, ತೊಗರಿ ಹಾಗೂ ಬಸಿಯುವಿಕೆ ಚೆನ್ನಾಗಿದ್ದಲ್ಲಿ ದಾಳಿಂಬೆ. 50ರಿಂದ 75 ಸೆಂ.ಮೀ. ಆಳಕ್ಕೆ ಶೇಂಗಾ, ಈರುಳ್ಳಿ, ರಾಗಿ, ನವಣೆ, ತರಕಾರಿ. ತುಂತುರು ಅಥವಾ ಹನಿ ಪದ್ಧತಿ ಕಡ್ಡಾಯ. 50 ಸೆಂ.ಮೀ.ಗಿಂತ ಕಡಿಮೆಯಿದ್ದರೆ ನೀರಾವರಿಗೆ ಬಂಡವಾಳ ಹೂಡುವ ಬದಲು ಸಿರಿಧಾನ್ಯ, ಮೇವು, ಸೀತಾಫಲ, ಹುಣಸೆಯಂತಹ ಬೆಳೆಗಳಿಗೆ ಕೃಷಿಹೊಂಡದ ರಕ್ಷಣಾತ್ಮಕ ನೀರು ಸಾಕು.

ನಾಲ್ಕು ತಾಲ್ಲೂಕು, ನಾಲ್ಕು ಪರಿಸ್ಥಿತಿ

ರಾಜ್ಯದ ಕೃಷಿ ಹವಾಮಾನ ವಲಯಗಳ ವಿಂಗಡಣೆಯಲ್ಲಿ ಜಗಳೂರು ಮಧ್ಯ ಒಣ ವಲಯಕ್ಕೆ ಸೇರುತ್ತದೆ. ಚನ್ನಗಿರಿ ಮತ್ತು ಹೊನ್ನಾಳಿ, ಹೊನ್ನಾಳಿಯಿಂದ ಬೇರ್ಪಟ್ಟ ನ್ಯಾಮತಿ ಸಹ, ದಕ್ಷಿಣ ಅರೆಮಲೆನಾಡು ವಲಯಕ್ಕೆ ಸೇರುತ್ತವೆ. ಒಂದೇ ಜಿಲ್ಲೆಯಾದರೂ ಒಂದೇ ಶಿಫಾರಸು ಸಲ್ಲದು.

ಜಗಳೂರು: ಮಳೆ ಕಡಿಮೆ, ಅನಿಶ್ಚಿತ, ಮಣ್ಣು ಬಹುಪಾಲು ಕೆಂಪು ಮಸಾರಿ ಮತ್ತು ಗರಸು, ಅಲ್ಲಲ್ಲಿ ಎರೆ. ಇಲ್ಲಿ ಏತದ ನೀರು ಮೊದಲು ಕೆರೆಗೆ ಬರುತ್ತದೆ. ಕೆರೆ ತುಂಬಿದರೆ ಸುತ್ತಲಿನ ಕೊಳವೆಬಾವಿಗಳಿಗೆ ಜೀವ ಬರುತ್ತದೆ. ಆ ಜೀವ ನೋಡಿ ಎಲ್ಲರೂ ಒಟ್ಟಿಗೆ ಅಡಿಕೆ ನೆಟ್ಟರೆ ಬಂದ ಅಂತರ್ಜಲ ಮೂರ್ನಾಲ್ಕು ವರ್ಷಗಳಲ್ಲಿ, ಸರಿಯಾಗಿ ಗಿಡ ಫಲಕ್ಕೆ ಬರುವ ಹೊತ್ತಿಗೆ, ಮತ್ತೆ ಕುಸಿಯಬಹುದು. ಶೇಂಗಾ, ತೊಗರಿ, ಈರುಳ್ಳಿ, ಸಿರಿಧಾನ್ಯಗಳಿಗೆ ರಕ್ಷಣಾತ್ಮಕ ನೀರು ಕೊಡುವುದೇ ಈ ತಾಲ್ಲೂಕಿನ ಮಸಾರಿಗೆ ಅತ್ಯಂತ ಲಾಭದಾಯಕ ಬಳಕೆ.

ಚನ್ನಗಿರಿ: ಶಾಂತಿಸಾಗರ, ಅಂದರೆ ಸೂಳೆಕೆರೆಯ ಕೆಳಗಿನ ಹಾಗೂ ಭದ್ರಾ ನಾಲೆಯ ತಗ್ಗು ಭೂಮಿಯ ಸಮಸ್ಯೆ ನೀರಿನ ಅತಿಬಳಕೆ ಮತ್ತು ಬಸಿಯುವಿಕೆಯದು. ಉಬ್ರಾಣಿ ಮತ್ತು ಸಂತೇಬೆನ್ನೂರು ಭಾಗದ ಎತ್ತರದ ಕೆಂಪು ಭೂಮಿಯದು ತದ್ವಿರುದ್ಧ: ಮಣ್ಣಿನ ಆಳ ಹೊಲದಿಂದ ಹೊಲಕ್ಕೆ ಬದಲಾಗುತ್ತದೆ. ಇಲ್ಲಿ ಅಡಿಕೆ ಹಾಕಿಯಾಗಿದೆ. ಕಿತ್ತುಹಾಕಿ ಎಂದು ಹೇಳುವುದು ಸಲಹೆಯಲ್ಲ. ಹನಿ ನೀರಾವರಿ, ಗಿಡದ ಬುಡಕ್ಕೆ ಸೋಗೆ ಮತ್ತು ಸಿಪ್ಪೆಯ ಮುಚ್ಚಿಗೆ, ನೀರಿನ ಲಭ್ಯತೆ ಮೀರಿ ಹೊಸ ತೋಟ ವಿಸ್ತರಿಸದಿರುವುದು, ಈ ಮೂರು ಕ್ರಮಗಳು ಇರುವ ತೋಟವನ್ನು ಉಳಿಸುತ್ತವೆ.

ಹೊನ್ನಾಳಿ: ಕೂಡ್ಲಿಯಲ್ಲಿ ತುಂಗೆ ಮತ್ತು ಭದ್ರೆ ಸೇರಿ ತುಂಗಭದ್ರೆಯಾಗಿ ಹರಿಯುವ ನದಿಯ ದಂಡೆಯ ಮೆಕ್ಕಲು ಮಣ್ಣು, ಎರೆ ಮಣ್ಣು ಮತ್ತು ಅದರಾಚೆಯ ಕೆಂಪು ಮಣ್ಣು ಇಲ್ಲಿ ಹತ್ತಿರ ಹತ್ತಿರದಲ್ಲೇ ಸಿಗುತ್ತವೆ. ತುಂಗಾ ಮೇಲ್ದಂಡೆ ಕಾಲುವೆಯೂ ಈ ಭಾಗವನ್ನು ಹಾದುಹೋಗುತ್ತದೆ. ಎತ್ತರದ ಮರಳು ಭೂಮಿಯಲ್ಲಿ ಭತ್ತ ಹಾಕಿದರೆ ಅದರ ಬಸಿನೀರು ಕೆಳಗಿನ ಎರೆ ಹೊಲವನ್ನು ಜೌಗಾಗಿಸುತ್ತದೆ. ಹೀಗಾಗಿ ಇಲ್ಲಿ ಯೋಗ್ಯತೆಯ ನಿರ್ಣಯ ಒಬ್ಬ ರೈತನದಲ್ಲ. ಒಂದೇ ತೂಬಿನ ಕೆಳಗಿನ ಎಲ್ಲರದು.

ನ್ಯಾಮತಿ: ಸವಳಂಗದ ಕಡೆಗೆ ಮಳೆ ಹೆಚ್ಚು, ಭೂಮಿ ಏರಿಳಿತದ್ದು, ಕೆಂಪು ಮಣ್ಣಿನ ಇಳಿಜಾರು. ಇಲ್ಲಿ ನೀರಿನ ಕೊರತೆಗಿಂತ ಮಣ್ಣಿನ ಕೊಚ್ಚಣೆ ಮೊದಲ ಶತ್ರು. ಇಳಿಜಾರಿಗೆ ಅಡ್ಡಲಾಗಿ ಉಳುಮೆ, ಬದು ನಿರ್ಮಾಣ, ಮೆಕ್ಕೆಜೋಳದೊಂದಿಗೆ ತೊಗರಿಯ ಅಕ್ಕಡಿ ಸಾಲು ಇವು ನೀರಾವರಿಗಿಂತ ಮುಂಚೆ ಆಗಬೇಕಾದ ಕೆಲಸಗಳು. ಮಟ್ಟ ಮಾಡಿಸುವ ಭರದಲ್ಲಿ ಮೇಲಿನ ಅರ್ಧ ಅಡಿ ಮಣ್ಣನ್ನು ಯಂತ್ರದಿಂದ ಎಳೆಸಿದರೆ ತೊಟ್ಟಿಯ ತಳವನ್ನೇ ಒಡೆದಂತೆ.

ಮಸಾರಿಯನ್ನು ಉತ್ತಮಪಡಿಸುವ ದಾರಿ

ಮಣ್ಣಿನ ಆಳವನ್ನು ಹೆಚ್ಚಿಸಲು ನಮ್ಮಿಂದಾಗದು. ಆದರೆ ಇರುವ ತೊಟ್ಟಿಯ ಗುಣವನ್ನು ಉತ್ತಮಪಡಿಸಬಹುದು. ಅದಕ್ಕೆ ನಮ್ಮ ಪೂರ್ವಿಕರು ಕಂಡುಕೊಂಡ ಉಪಾಯ ಕೆರೆಯ ಗೋಡು ಮಣ್ಣು. ಒಂದು ಎಕರೆಗೆ ಒಂದು ಸೆಂಟಿಮೀಟರ್ ದಪ್ಪ ಹರಡಲು 40 ಘನ ಮೀಟರ್ ಗೋಡು ಬೇಕು. ಮೂರು ಘನ ಮೀಟರ್ ಹಿಡಿಯುವ ಟ್ರೇಲರಿನಲ್ಲಿ ಹದಿಮೂರು–ಹದಿನಾಲ್ಕು ಲೋಡು. ಎರಡು ಮೂರು ವರ್ಷಗಳಲ್ಲಿ ಕಂತು ಕಂತಾಗಿ ಹಾಕಬಹುದು. ಹಾಕುವ ಮುನ್ನ ಗೋಡಿನಲ್ಲಿ ಚೌಳಿದೆಯೇ ಎಂದು ಪರೀಕ್ಷಿಸಿ. ಗಮನಿಸಬೇಕಾದ ಇನ್ನೊಂದು ಅಂಶ: ಏತದ ನೀರು ಬಂದು ಕೆರೆ ವರ್ಷವಿಡೀ ತುಂಬಿದ್ದರೆ ಗೋಡು ತೆಗೆಯುವ ಅವಕಾಶವೇ ಸಿಗದು. ಕೆರೆ ಒಣಗಿರುವ ಬೇಸಿಗೆಯನ್ನು ಗ್ರಾಮ ಪಂಚಾಯಿತಿಯೊಂದಿಗೆ ಚರ್ಚಿಸಿ ಬಳಸಿಕೊಳ್ಳಿ. ಕೆರೆಗೂ ಸಾಮರ್ಥ್ಯ, ಹೊಲಕ್ಕೂ ಸತ್ವ.

ಹನಿ ನೀರಾವರಿಯಲ್ಲೂ ಮರಳು ಮಣ್ಣಿಗೆ ಬೇರೆಯೇ ವಿನ್ಯಾಸ ಬೇಕು. ಎರೆಯಲ್ಲಿ ಹನಿ ಅಗಲವಾಗಿ ಹರಡುತ್ತದೆ. ಮರಳಿನಲ್ಲಿ ನೇರವಾಗಿ ಕೆಳಗಿಳಿಯುತ್ತದೆ. ಆದ್ದರಿಂದ ಹನಿಕೆಗಳ ನಡುವಿನ ಅಂತರ 30ರಿಂದ 40 ಸೆಂ.ಮೀ.ಗೆ ಸೀಮಿತವಾಗಿರಲಿ, ಒಂದೇ ಸಲ ಮೂರು ಗಂಟೆ ಬಿಡುವ ಬದಲು ದಿನಕ್ಕೆ ಎರಡು ಸಲ ಕಡಿಮೆ ಅವಧಿ ಬಿಡಿ. ಸಾರಜನಕವನ್ನು ಎರಡು ಕಂತಿನ ಬದಲು ಐದಾರು ಕಂತುಗಳಲ್ಲಿ ರಸಾವರಿಯ ಮೂಲಕ ಕೊಡಿ. ಕೆಂಪು ಮಸಾರಿಯಲ್ಲಿ ಸತು ಮತ್ತು ಬೋರಾನ್ ಕೊರತೆ ಸಾಮಾನ್ಯವಾದ್ದರಿಂದ ಮಣ್ಣು ಪರೀಕ್ಷೆಯಲ್ಲಿ ಇವೆರಡನ್ನೂ ಕೇಳಿ ಮಾಡಿಸಿ. ಸೆಣಬು, ಡಯಾಂಚ ಮುಂತಾದ ಹಸಿರೆಲೆ ಗೊಬ್ಬರದಿಂದ ಸಾವಯವ ಇಂಗಾಲ ನಿಧಾನವಾಗಿಯಾದರೂ ಏರುತ್ತದೆ. ಮೇಲ್ಮೈ ಹೆಪ್ಪುಗಟ್ಟುವುದೂ ತಗ್ಗುತ್ತದೆ.

ವಿಸ್ತರಣಾ ಕಾರ್ಯಕರ್ತರಿಗೆ

ಸುಜಲ–3 ಯೋಜನೆಯಡಿ ದಾವಣಗೆರೆ ಸೇರಿದಂತೆ ರಾಜ್ಯದ 11 ಜಿಲ್ಲೆಗಳ ಆಯ್ದ ಕಿರು ಜಲಾನಯನಗಳಲ್ಲಿ ಸರ್ವೆ ನಂಬರಿನ ಮಟ್ಟದ ಭೂ ಸಂಪನ್ಮೂಲ ಸಮೀಕ್ಷೆ ನಡೆದಿದೆ. ಮಣ್ಣಿನ ಆಳ, ಗರಸು, ಇಳಿಜಾರು, ನೀರು ಹಿಡಿಯುವ ಶಕ್ತಿ ಮತ್ತು ಬೆಳೆವಾರು ಯೋಗ್ಯತೆ ಅದರ ಎಲ್‌ಆರ್‌ಐ ಕಾರ್ಡಿನಲ್ಲಿದೆ. ನಿಮ್ಮ ವ್ಯಾಪ್ತಿಯ ಗ್ರಾಮ ಆ ಸಮೀಕ್ಷೆಯಲ್ಲಿದ್ದರೆ, ಸೂಕ್ಷ್ಮ ನೀರಾವರಿ ಸಹಾಯಧನದ ಅರ್ಜಿ ತರುವ ರೈತನಿಗೆ ಮೊದಲು ಆ ಕಾರ್ಡನ್ನು ತೋರಿಸಿ. ಸಮೀಕ್ಷೆಯಾಗದ ಗ್ರಾಮಗಳಲ್ಲಿ ಮೇಲಿನ ಗುಂಡಿ ಪರೀಕ್ಷೆಯನ್ನು ಕ್ಷೇತ್ರ ಪಾಠಶಾಲೆಯ ಮೊದಲ ಪಾಠವಾಗಿಸಿ.

ಬಾಗಲಕೋಟೆ ಜಿಲ್ಲೆಯ ಹುನಗುಂದ ಭಾಗದ ರಾಮಥಾಳ ಯೋಜನೆಯಲ್ಲಿ 24,000 ಹೆಕ್ಟೇರಿಗೆ ಸಮುದಾಯ ಹನಿ ನೀರಾವರಿ ರೂಪಿಸಲಾಯಿತು. ಕೊಳವೆ ಹೂಳುವುದು ಗುತ್ತಿಗೆದಾರರ ಕೆಲಸ. ಅದನ್ನು ವರ್ಷಗಟ್ಟಲೆ ಶುಚಿಯಾಗಿ, ಸರದಿಯಂತೆ, ಒಡೆಯದಂತೆ ನಡೆಸುವುದು ಬಳಕೆದಾರರ ಕೆಲಸ ಎಂಬುದು ಅಂತಹ ಬೃಹತ್ ಯೋಜನೆಗಳು ಕಲಿಸುವ ಪಾಠ. ಜಗಳೂರಿನ ಕಾಲುವೆ ಪೂರ್ಣಗೊಳ್ಳುವ ಮುನ್ನವೇ ನೀರು ಬಳಕೆದಾರರ ಸಹಕಾರ ಸಂಘಗಳು ಕಟ್ಟಿಕೊಳ್ಳಬೇಕು. ಯಾವ ತೂಬಿನ ಕೆಳಗೆ ಯಾವ ಬೆಳೆ ಎಂಬ ಒಪ್ಪಂದ ನೀರಿಗಿಂತ ಮೊದಲು ಬರಬೇಕು.

ಕೊನೆಯದಾಗಿ

ಜಗಳೂರಿನ ಮಸಾರಿಯಾಗಲಿ, ಉಬ್ರಾಣಿಯ ದಿಬ್ಬವಾಗಲಿ ನೀರಾವರಿಗೆ ಒಲ್ಲದ ಭೂಮಿಯಲ್ಲ. ಕಡಿಮೆ ನೀರನ್ನು, ಕಡಿಮೆ ಅಂತರದಲ್ಲಿ, ಆಳಕ್ಕೆ ತಕ್ಕ ಬೆಳೆಗೆ ಕೊಟ್ಟರೆ ಅದು ಎರೆಗಿಂತ ಚೆನ್ನಾಗಿಯೇ ಸ್ಪಂದಿಸುತ್ತದೆ. ಬಿತ್ತನೆಗೆ ಬೇಗ ಹದವಾಗುತ್ತದೆ, ಬೇರಿಗೆ ಗಾಳಿ ಕೊಡುತ್ತದೆ, ಶೇಂಗಾ ಮತ್ತು ಈರುಳ್ಳಿ ಕೀಳುವುದು ಸುಲಭವಾಗುತ್ತದೆ. ಭದ್ರಾ ಅಚ್ಚುಕಟ್ಟಿನ ತಗ್ಗು ಗದ್ದೆಯ ಬೇಸಾಯವನ್ನು ಅಲ್ಲಿಗೆ ಹಾಗೆಯೇ ಹೊತ್ತೊಯ್ದರೆ ಮಾತ್ರ ನೀರೂ ಹೋಗುತ್ತದೆ, ಮಣ್ಣೂ ಕೆಡುತ್ತದೆ, ಸಾಲ ಉಳಿಯುತ್ತದೆ.

ಬರುವ ಬೇಸಿಗೆಯಲ್ಲಿ, ಮಾಗಿ ಉಳುಮೆಗೆ ಮುನ್ನ, ನಿಮ್ಮ ಜಮೀನಿನಲ್ಲಿ ಮೂರು ಗುಂಡಿಗಳನ್ನು ತೆಗೆಯಿರಿ. ಆಳವನ್ನು ಅಳೆದು, ಪ್ರತಿ ಪದರದ ಅರ್ಧ ಕಿಲೋ ಮಣ್ಣನ್ನು ಬಟ್ಟೆಯ ಚೀಲದಲ್ಲಿ ಹಾಕಿ, ಸರ್ವೆ ನಂಬರ್ ಬರೆದು ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೆ, ಕೃಷಿ ವಿಜ್ಞಾನ ಕೇಂದ್ರಕ್ಕೆ ಅಥವಾ ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆ ಸಂಶೋಧನಾ ಕೇಂದ್ರಕ್ಕೆ ತೋರಿಸಿ ಸಲಹೆ ಪಡೆಯಿರಿ. ಒಂದು ದಿನದ ಕೂಲಿಯಲ್ಲಿ ಮುಗಿಯುವ ಈ ಕೆಲಸ ಇಪ್ಪತ್ತು ವರ್ಷ ನಿಲ್ಲುವ ತೋಟದ ನಿರ್ಧಾರಕ್ಕೆ ಆಧಾರವಾಗುತ್ತದೆ.